ಹುಳಿಮಾವಿನ ಕೆರೆಯೂ ಮಂಗಳಗ್ರಹವೂ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ತನ್ನ ಇರವನ್ನರಿತು ಬಾಳಬೇಕೆಂಬ ವಿವೇಕ ಅದರಲ್ಲಿ ಅಡಗಿದೆ. ಭಾರತವು ಮಂಗಳಗ್ರಹಕ್ಕೆ ನೌಕೆಯೊಂದನ್ನು ಕಳುಹಿಸಿದಂದಿನಿಂದ ಈ ಗಾದೆಯನ್ನು ನಾನು ಎಷ್ಟು ಸಲ ಕೇಳಿರುವೆನೋ ಲೆಕ್ಕವಿಟ್ಟಿಲ್ಲ. ವಾಚಕ ಬಂಧುಗಳೇ, ನೀವೂ ಕೇಳಿರಬಹುದು. ನಿಮ್ಮಲ್ಲಿ ಕೆಲವರು ಹೇಳಿಯೂ ಇರಬಹುದು. ಬಡತನ ನೀಗದ ದೇಶಕ್ಕೆ ಆಕಾಶದ ಗೊಡವೆ ಏಕೆಂಬ ಈ ಪ್ರಶ್ನೆ ಅವಿವೇಕಿಗಳ ಪ್ರಶ್ನೆಯಲ್ಲ. ಅದಕ್ಕೆ ಸಾವಧಾನದಿಂದ ಉತ್ತರ ಹುಡುಕುವುದು ವಿಜ್ಞಾನದಲ್ಲಿ ಆಸಕ್ತಿಯುಳ್ಳವರ ಕರ್ತವ್ಯ. ಶಾಲಾ ಮಾಸ್ತರನಾಗಿ ನಿವೃತ್ತನಾದ ನನ್ನ ಅಲ್ಪಮತಿಗೆ ತೋಚಿದ್ದನ್ನು ನಿಮ್ಮ ಮುಂದಿಡಲು ಇಲ್ಲಿ ಯತ್ನಿಸಿದ್ದೇನೆ.

ನಾನು ವಾಸವಾಗಿರುವುದು ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟ ರಸ್ತೆಯ ಹುಳಿಮಾವಿನಲ್ಲಿ. ಈಗ ಮಾವಿನ ತೋಪು ಹೆಸರಿನಲ್ಲಷ್ಟೇ ಉಳಿದಿದೆ. ಉಳಿದಿರುವ ದೊಡ್ಡ ಆಸ್ತಿಯೆಂದರೆ ಕೆರೆ. 2019ರ ನವೆಂಬರ್ 24, ಭಾನುವಾರ, ಆ ಕೆರೆಯ ಏರಿ ಒಡೆಯಿತು. ನೀರು ತಗ್ಗಿನ ಬಡಾವಣೆಗಳಿಗೆ ನುಗ್ಗಿ ನೂರಾರು ಮನೆಗಳನ್ನು ಹೊಕ್ಕಿತು. ಜನರು ಅಕ್ಕಿ ಮೂಟೆ, ಮಕ್ಕಳ ಪುಸ್ತಕ, ಹಾಸಿಗೆಗಳನ್ನು ತಲೆಯ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ಹೊರಬಂದರು. ಮರುದಿನ ಕೆಸರು ಬಳಿಯುತ್ತಿದ್ದ ನೆರೆಮನೆಯ ಹಿರಿಯರೊಬ್ಬರು ನನ್ನನ್ನು ಕಂಡು, "ಏನು ಮಾಸ್ತರೇ, ಮಂಗಳನ ಮೇಲೆ ನೀರಿದೆಯೋ ಇಲ್ಲವೋ ಹುಡುಕಲು ಹೋದವರಿಗೆ ಹುಳಿಮಾವಿನ ನೀರು ಕಾಣಿಸಲಿಲ್ಲವೇ?" ಎಂದರು. ಆ ಮಾತಿನಲ್ಲಿ ಹಾಸ್ಯಕ್ಕಿಂತ ಸಂಕಟವೇ ಹೆಚ್ಚಾಗಿತ್ತು. ಅವರ ಪ್ರಶ್ನೆಯನ್ನು ಎರಡಾಗಿ ಬಿಡಿಸಿ ನೋಡಬೇಕೆಂದು ನನಗೆ ಅಂದೇ ಅನಿಸಿತು. ಮಂಗಳಕ್ಕೆ ಹೋದದ್ದು ಸರಿಯೇ ಎಂಬುದು ಒಂದು. ಆಕಾಶದಿಂದ ಕಂಡದ್ದು ನೆಲದ ಮೇಲಿನವನಿಗೆ ಏಕೆ ತಲುಪಲಿಲ್ಲ ಎಂಬುದು ಇನ್ನೊಂದು.

ಮೊದಲು ಮಂಗಳಯಾನದ ಸಂಗತಿ. 2012ರ ಆಗಸ್ಟ್ 15ರಂದು ಅಂದಿನ ಪ್ರಧಾನಮಂತ್ರಿ ಮನಮೋಹನ ಸಿಂಗ್ ಅವರು ಕೆಂಪುಕೋಟೆಯಿಂದ ಈ ಯೋಜನೆಯನ್ನು ಸಾರಿದರು. ಅಲ್ಲಿಂದ ಹದಿನೈದು ತಿಂಗಳೊಳಗೆ, 2013ರ ನವೆಂಬರ್ 5ರಂದು, ಶ್ರೀಹರಿಕೋಟೆಯಿಂದ ಪಿಎಸ್ಎಲ್‌ವಿ ರಾಕೆಟ್ಟು ಅದನ್ನು ಹೊತ್ತು ಮೇಲೇರಿತು. ಅಂದು ಮಂಗಳವಾರವಾಗಿತ್ತು! ಹೊಸ ಕಾರ್ಯಕ್ಕೆ ಮಂಗಳವಾರ ಬೇಡವೆನ್ನುವವರು ಇಂದಿಗೂ ಇರುವ ನಾಡಿನಲ್ಲಿ ಇದು ಗಮನಿಸತಕ್ಕ ವಿಷಯ. ನೌಕೆಯ ತೂಕ ಸುಮಾರು 1,337 ಕಿಲೋಗ್ರಾಂ. ಅದನ್ನು ನೇರವಾಗಿ ಮಂಗಳನತ್ತ ಎಸೆಯುವ ಶಕ್ತಿ ಆ ರಾಕೆಟ್ಟಿಗೆ ಇರಲಿಲ್ಲ. ಆದುದರಿಂದ ನೌಕೆಯು ಮೊದಲು ಭೂಮಿಯನ್ನೇ ಸುತ್ತುತ್ತಾ, ಸುತ್ತಿನಿಂದ ಸುತ್ತಿಗೆ ತನ್ನ ಪಥವನ್ನು ಹಿಗ್ಗಿಸಿಕೊಳ್ಳುತ್ತಾ ವೇಗ ಗಳಿಸಿತು. ಜೋಳದ ಹೊಲದಲ್ಲಿ ಹಕ್ಕಿ ಕಾಯುವವನು ಕವಣೆಯನ್ನು ಬೀಸಿ ಬೀಸಿ ಕೊನೆಗೊಮ್ಮೆ ಕಲ್ಲನ್ನು ಬಿಡುವುದನ್ನು ನಮ್ಮಲ್ಲಿ ಹಳ್ಳಿಯಿಂದ ಬಂದವರೆಲ್ಲ ನೋಡಿದ್ದೇವೆ. ಡಿಸೆಂಬರ್ 1ರಂದು ಅಂತೆಯೇ ನೌಕೆಯು ಭೂಮಿಯ ಸೆಳೆತವನ್ನು ಬಿಟ್ಟು ಹೊರಟಿತು.

ಮುಂದಿನ ಸುಮಾರು ಮುನ್ನೂರು ದಿನ ಅದರ ಮುಖ್ಯ ಎಂಜಿನ್ನು ಮೌನವಾಗಿತ್ತು. ಅಷ್ಟು ದಿನ ಚಳಿಯಲ್ಲಿ ನಿದ್ರಿಸಿದ ಯಂತ್ರ ಮತ್ತೆ ಹೊತ್ತಿಕೊಳ್ಳುವುದೇ ಎಂಬುದೇ ದೊಡ್ಡ ಅಂಜಿಕೆ. 2014ರ ಸೆಪ್ಟೆಂಬರ್ 22ರಂದು ಸುಮಾರು ನಾಲ್ಕು ಸೆಕೆಂಡು ಅದನ್ನು ಉರಿಸಿ ಪರೀಕ್ಷಿಸಲಾಯಿತು. ಸೆಪ್ಟೆಂಬರ್ 24ರ ಮುಂಜಾನೆ ಅದು ಸುಮಾರು 23 ನಿಮಿಷಗಳಷ್ಟು ಕಾಲ ಉರಿದು ನೌಕೆಯ ವೇಗವನ್ನು ತಗ್ಗಿಸಿ ಮಂಗಳನ ಸೆಳೆತಕ್ಕೆ ಒಪ್ಪಿಸಿತು. ಅಲ್ಲಿಂದ ಇಲ್ಲಿಗೆ ರೇಡಿಯೋ ಸಂಕೇತ ಬರಲು ಸುಮಾರು 12 ನಿಮಿಷ ಬೇಕು. ನೌಕೆ ತಪ್ಪಿದರೆ ತಿದ್ದಲು ಭೂಮಿಯ ಮೇಲಿನವರಿಗೆ ಸಮಯವೇ ಇಲ್ಲ. ಆದ್ದರಿಂದ ಮಾಡಬೇಕಾದುದನ್ನೆಲ್ಲ ಮುಂಚಿತವಾಗಿಯೇ ಕಲಿಸಿ ಕಳುಹಿಸಬೇಕು. ಪಾಠ ಹೇಳಿ ಪರೀಕ್ಷೆಗೆ ಶಿಷ್ಯನನ್ನು ಕಳುಹಿಸಿ ಹೊರಗೆ ಕಾಯುವ ಮಾಸ್ತರನ ಅವಸ್ಥೆ ಅದು! ಆ ಬೆಳಿಗ್ಗೆ ದೂರದರ್ಶನದ ಮುಂದೆ ಕುಳಿತಿದ್ದ ನನಗೆ ಈ ಹೋಲಿಕೆಯೇ ಹೊಳೆದದ್ದು.

ಈ ಕಾರ್ಯದ ಬಹುಭಾಗ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ನೌಕೆ ಕಟ್ಟಿದ ಉಪಗ್ರಹ ಕೇಂದ್ರ ಇಲ್ಲಿಯದು. ಅದನ್ನು ನಡೆಸಿದ ನಿಯಂತ್ರಣ ಕೇಂದ್ರ ಪೀಣ್ಯದಲ್ಲಿದೆ. ನಗರದಿಂದ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳು ಗ್ರಾಮದಲ್ಲಿ 32 ಮೀಟರ್ ಅಗಲದ ಬೃಹತ್ ಆಂಟೆನಾ ನಿಂತಿದೆ. ಕೋಟ್ಯಂತರ ಕಿಲೋಮೀಟರ್ ದಾಟಿ ಬರುವ ಕ್ಷೀಣ ಧ್ವನಿಗೆ ಅದು ಕಿವಿಗೊಡುತ್ತದೆ. ಪಥದ ಗಣಿತವನ್ನು ನಡೆಸಿದವರ ಮುಂಚೂಣಿಯಲ್ಲಿದ್ದವರು ಭದ್ರಾವತಿಯಲ್ಲಿ ಬೆಳೆದ ಬಿ. ಪಿ. ದಾಕ್ಷಾಯಣಿಯವರು. ಆರು ತಿಂಗಳು ಬಾಳಿದರೆ ಸಾಕೆಂದು ಕಳುಹಿಸಿದ ನೌಕೆ ಏಳೂವರೆ ವರ್ಷ ಬಾಳಿ, 2022ರ ಏಪ್ರಿಲ್‌ನಲ್ಲಿ ಸಂಪರ್ಕ ಕಡಿದುಕೊಂಡಿತು.

ಇನ್ನು ಖರ್ಚಿನ ವಿಚಾರ. ಮಂಗಳಯಾನಕ್ಕೆ ತಗುಲಿದ್ದು ಸುಮಾರು 450 ಕೋಟಿ ರೂಪಾಯಿ. ಅಂದಿನ ಜನಸಂಖ್ಯೆಗೆ ಹಂಚಿದರೆ ತಲೆಗೆ ನಾಲ್ಕು ರೂಪಾಯಿಯೂ ಬೀಳದು. 2025-26ರ ಕೇಂದ್ರ ಮುಂಗಡಪತ್ರದ ಒಟ್ಟು ವೆಚ್ಚ ಸುಮಾರು 50 ಲಕ್ಷ 65 ಸಾವಿರ ಕೋಟಿ. ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ದೊರೆತದ್ದು ಸುಮಾರು 13,416 ಕೋಟಿ. ನೂರು ರೂಪಾಯಿಗೆ 26 ಪೈಸೆ. ಆ 26 ಪೈಸೆಯನ್ನು ನಿಲ್ಲಿಸಿದರೆ ಉಳಿದ 99 ರೂಪಾಯಿ 74 ಪೈಸೆ ತಾನಾಗಿಯೇ ಕೆರೆಗೆ, ಶಾಲೆಗೆ, ಆಸ್ಪತ್ರೆಗೆ ಸರಿಯಾಗಿ ಸಲ್ಲುವುದೆಂದು ನಂಬಲು ನನಗೆ ಆಧಾರ ಕಾಣುವುದಿಲ್ಲ. ಮಂಗಳಯಾನ ನಡೆಯದಿದ್ದರೆ ಹುಳಿಮಾವಿನ ಏರಿ ಗಟ್ಟಿಯಾಗಿರುತ್ತಿತ್ತೇ? ಇರುತ್ತಿರಲಿಲ್ಲ. ಕೆರೆಯ ಏರಿ ಕಾಯಲು ಬೇಕಾದುದು ಮಂಗಳನ ಹಣವಲ್ಲ, ನೆಲದ ಮೇಲಿನ ಕಾಳಜಿ. ಆದುದರಿಂದ ನೆರೆಮನೆಯ ಹಿರಿಯರ ಪ್ರಶ್ನೆಯ ಮೊದಲ ಭಾಗಕ್ಕೆ, ಮಂಗಳಕ್ಕೆ ಹೋದದ್ದು ತಪ್ಪಲ್ಲ ಎಂಬುದೇ ನನ್ನ ಉತ್ತರ.

ಆದರೆ ಅಷ್ಟಕ್ಕೆ ಬೀಗುವುದೂ ಸಲ್ಲದು. ಅಗ್ಗವಾಗಿ ಮಾಡಿದೆವೆಂಬ ಹೆಗ್ಗಳಿಕೆ ನಮ್ಮಲ್ಲಿ ಅತಿಯಾಗಿದೆ. ಮಂಗಳಯಾನ ಸೇರುವುದಕ್ಕೆ ಎರಡು ದಿನ ಮೊದಲು ಅಮೆರಿಕೆಯ ಮೇವೆನ್ ನೌಕೆ ಅಲ್ಲಿಗೆ ತಲುಪಿತ್ತು. ಅದರ ವೆಚ್ಚ ಸುಮಾರು 67 ಕೋಟಿ ಡಾಲರು. ನಮ್ಮದಕ್ಕಿಂತ ಹಲವು ಪಾಲು ಹೆಚ್ಚು. ಆದರೆ ಅದು ಹೊತ್ತ ಉಪಕರಣಗಳ ತೂಕ 65 ಕಿಲೋಗ್ರಾಂ, ನಮ್ಮದು ಸುಮಾರು 15 ಕಿಲೋಗ್ರಾಂ. ನಮ್ಮ ಬಣ್ಣದ ಕ್ಯಾಮರಾ ಮಂಗಳನ ಪೂರ್ಣ ಬಿಂಬದ ಸುಂದರ ಚಿತ್ರಗಳನ್ನು ಕೊಟ್ಟಿತು. ಡೀಮೋಸ್ ಎಂಬ ಅದರ ಉಪಗ್ರಹದ ಮರೆಯ ಮುಖವನ್ನು ತೋರಿಸಿತು. ಮೀಥೇನ್ ಅನಿಲವನ್ನು ಅರಸಲು ಕಳುಹಿಸಿದ ಉಪಕರಣ ಮಾತ್ರ ಆ ಕಾರ್ಯಕ್ಕೆ ಒದಗದೆ, ಮಂಗಳನ ನೆಲ ಬೆಳಕನ್ನು ಪ್ರತಿಫಲಿಸುವ ಬಗೆಯನ್ನು ಅಳೆಯಲು ಬಳಕೆಯಾಯಿತು. ವಿಜ್ಞಾನದಲ್ಲಿ ಇದು ಸಹಜ, ನಾಚಿಕೆಯ ಸಂಗತಿಯಲ್ಲ. ಚಿಂತೆಯ ಸಂಗತಿ ಬೇರೆ. ಎರಡನೆಯ ಮಂಗಳಯಾನದ ಮಾತು ವರ್ಷಗಳಿಂದ ನಡೆದಿದ್ದರೂ ಅದು ಇನ್ನೂ ಹೊರಟಿಲ್ಲ. ಈ ನಡುವೆ, 2021ರಲ್ಲಿ, ಸಂಯುಕ್ತ ಅರಬ್ ಸಂಸ್ಥಾನದ ನೌಕೆ ಮಂಗಳನನ್ನು ಸೇರಿತು. ಚೀನಾದ ಬಂಡಿ ಅದರ ನೆಲದ ಮೇಲೆಯೇ ಓಡಾಡಿತು. ಒಂದು ಬೆಳೆ ಬಂದಿತೆಂದು ಹೊಲವನ್ನು ಹತ್ತು ವರ್ಷ ಬೀಳು ಬಿಡುವ ರೈತನುಂಟೇ? ಜ್ಞಾನದ ಕೃಷಿಯೂ ಹಾಗೆಯೇ. ಮೊದಲನೆಯ ಯಾನದಲ್ಲಿ ನುರಿತ ಕೈಗಳು ನಿವೃತ್ತವಾಗುವ ಮೊದಲೇ ಎರಡನೆಯದು ನಡೆಯಬೇಕು.

ಈಗ ಪ್ರಶ್ನೆಯ ಎರಡನೆಯ ಭಾಗಕ್ಕೆ ಬರೋಣ. ಆಕಾಶದಿಂದ ದೊರೆತದ್ದು ನೆಲಕ್ಕೆ ತಲುಪಬೇಕೆಂಬುದು ನಮ್ಮ ಬಾಹ್ಯಾಕಾಶ ಕಾರ್ಯದ ಮೂಲ ಸಂಕಲ್ಪವೇ ಆಗಿತ್ತು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊಫೆಸರ್ ಯು. ಆರ್. ರಾವ್ ಅವರು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಎಳೆಯ ಎಂಜಿನಿಯರರನ್ನು ಕೂಡಿಸಿಕೊಂಡು 360 ಕಿಲೋಗ್ರಾಂ ತೂಕದ ಆರ್ಯಭಟವನ್ನು ಕಟ್ಟಿದರು. ಸೋವಿಯತ್ ಒಕ್ಕೂಟವು ಅದನ್ನು 1975ರ ಏಪ್ರಿಲ್ 19ರಂದು ಮೇಲಕ್ಕೇರಿಸಿಕೊಟ್ಟಿತು. ಅದೇ ವರ್ಷದ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕೆಯ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಮುಟ್ಟಿಸಲಾಯಿತು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ಪಡೆದುದು ಬೆಂಗಳೂರಲ್ಲ; ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ತಂತಿಬಲೆಯ ಕೊಡೆಯಂಥ ಆಂಟೆನಾದ ಕೆಳಗೆ ಮುಂಜಾನೆ ಮಕ್ಕಳು, ಸಂಜೆ ಒಕ್ಕಲುಮಕ್ಕಳು ಕನ್ನಡದಲ್ಲಿ ಪಾಠ ಕೇಳಿದರು. ಈ ಪತ್ರಿಕೆಯ ವಾಚಕರಲ್ಲಿ ಆ ಸೀಮೆಯ ಹಿರಿಯರು ಇದ್ದರೆ ಅವರಿಗೆ ನೆನಪಿರಬಹುದು. ನಗರದ ಶ್ರೀಮಂತನಿಗಿಂತ ಮೊದಲು ಹಳ್ಳಿಯ ಬಡವನಿಗೆ ಆಕಾಶ ತೆರೆದ ಆ ಒಂದು ವರ್ಷವನ್ನು ಮರೆಯಬಾರದೆಂದು ನನ್ನ ಭಾವನೆ.

ಅಂದಿಗೂ ಇಂದಿಗೂ ಕಾಲ ಬಹಳ ಬದಲಾಗಿದೆ. ಈಗ ಬಾಹ್ಯಾಕಾಶವು ವಾಣಿಜ್ಯದ ಅಂಗಳವಾಗಿದೆ. 2001ರಲ್ಲಿ ಡೆನಿಸ್ ಟಿಟೊ ಎಂಬ ಅಮೆರಿಕೆಯ ಧನಿಕರು ಸ್ವಂತ ಹಣ ತೆತ್ತು ರಷ್ಯದ ನೌಕೆಯಲ್ಲಿ ವಿಹಾರಕ್ಕೆ ಹೋಗಿಬಂದರು. 2002ರಲ್ಲಿ ಆರಂಭವಾದ ಎಲಾನ್ ಮಸ್ಕ್ ಅವರ ಸ್ಪೇಸ್‌ಎಕ್ಸ್ ಕಂಪನಿ ಹಾರಿದ ರಾಕೆಟ್ಟನ್ನು ಮರಳಿ ನೆಲಕ್ಕಿಳಿಸಿ ಮತ್ತೆ ಬಳಸುವ ವಿದ್ಯೆಯನ್ನು ಸಾಧಿಸಿತು. ಮಂಗಳನ ಮೇಲೆ ಊರು ಕಟ್ಟುವುದೇ ತನ್ನ ಗುರಿಯೆಂದು ಸಾರಿದೆ. 2024ರ ನವೆಂಬರಿನಲ್ಲಿ ನಮ್ಮ ದೇಶದ ಸುಮಾರು 4,700 ಕಿಲೋಗ್ರಾಂ ತೂಕದ ಸಂಪರ್ಕ ಉಪಗ್ರಹವೇ ಆ ಕಂಪನಿಯ ರಾಕೆಟ್ಟಿನಲ್ಲಿ ಬಾಡಿಗೆ ಕೊಟ್ಟು ಹೋಯಿತು. 1984ರಲ್ಲಿ ರಾಕೇಶ್ ಶರ್ಮಾ ಅವರು ಸೋವಿಯತ್ ನೌಕೆಯಲ್ಲಿ ಹೋದದ್ದು ಎರಡು ದೇಶಗಳ ಮೈತ್ರಿಯ ಫಲ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದದ್ದು ಆಕ್ಸಿಯಂ ಎಂಬ ಖಾಸಗಿ ಸಂಸ್ಥೆಯ ಯಾನದಲ್ಲಿ. ತರಬೇತಿಯೂ ಸೇರಿ ಅದಕ್ಕೆ ಸುಮಾರು 550 ಕೋಟಿ ರೂಪಾಯಿ ತಗುಲಿತೆಂದು ಪತ್ರಿಕೆಗಳು ವರದಿ ಮಾಡಿದವು. ಅಂದರೆ ಮಂಗಳಯಾನಕ್ಕಿಂತ ಹೆಚ್ಚು! ಇದನ್ನು ದುಂದೆಂದು ಜರೆದವರುಂಟು. ಆದರೆ ಆ ಯಾನದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ಅಲ್ಲಿನ ಐಐಟಿ ಸೇರಿ ಸಿದ್ಧಪಡಿಸಿದ ಹೆಸರುಕಾಳು, ಮೆಂತ್ಯದ ಬೀಜಗಳೂ ಹೋಗಿ, ತೂಕವಿಲ್ಲದ ಆ ನೆಲೆಯಲ್ಲಿ ಮೊಳಕೆಯೊಡೆದು ಬಂದವು. ನಮ್ಮದೇ ಗಗನಯಾನಕ್ಕೆ ಬೇಕಾದ ಅನುಭವವೂ ದೊರೆಯಿತು. ಹಣ ತೆತ್ತು ಕಲಿತದ್ದು ಸ್ವಂತ ವಿದ್ಯೆಯಾಗಿ ಮಾರ್ಪಟ್ಟರೆ ಆ ಖರ್ಚು ಸಾರ್ಥಕ. ಪದೇ ಪದೇ ಟಿಕೆಟ್ಟು ಕೊಳ್ಳುವುದೇ ಅಭ್ಯಾಸವಾದರೆ ವ್ಯರ್ಥ.

ನಮ್ಮ ಸರ್ಕಾರವೂ ಖಾಸಗಿಯವರಿಗೆ ಬಾಗಿಲು ತೆರೆದಿದೆ. 2019ರಲ್ಲಿ ನ್ಯೂಸ್ಪೇಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿ ಬೆಂಗಳೂರಿನಲ್ಲಿ ಆರಂಭವಾಯಿತು. 2020ರಲ್ಲಿ ಖಾಸಗಿ ಸಂಸ್ಥೆಗಳಿಗೆ ಅನುಮತಿ ನೀಡುವ ಇನ್‌ಸ್ಪೇಸ್ ಎಂಬ ಕೇಂದ್ರ ಸ್ಥಾಪನೆಯಾಯಿತು. 2023ರಲ್ಲಿ ಭಾರತೀಯ ಬಾಹ್ಯಾಕಾಶ ನೀತಿ ಹೊರಬಂದಿತು. 2025ರ ಆಗಸ್ಟಿನಲ್ಲಿ, ಬೆಂಗಳೂರಿನ ಪಿಕ್ಸೆಲ್ ಕಂಪನಿಯ ನೇತೃತ್ವದ ಕೂಟವೊಂದನ್ನು ಭೂಮಿಯ ಚಿತ್ರ ತೆಗೆಯುವ ಹನ್ನೆರಡು ಉಪಗ್ರಹಗಳ ಯೋಜನೆಗೆ ಆರಿಸಲಾಯಿತು. ಇದರಲ್ಲಿ 1,200 ಕೋಟಿ ರೂಪಾಯಿಗೂ ಮೀರಿದ ಬಂಡವಾಳವನ್ನು ಅವರೇ ಹೂಡುವರು. ತರುಣರ ಈ ಸಾಹಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ವ್ಯಾಪಾರ ಹೀನ ವೃತ್ತಿಯಲ್ಲ. ಸತ್ಯವಾದ ತಕ್ಕಡಿ ಹಿಡಿದವನು ಊರಿಗೆ ಬೇಕಾದವನೇ.

ಆದರೆ ಬಂಡವಾಳ ಹೂಡಿದವನು ಚಿತ್ರವನ್ನು ಮಾರಿಯೇ ಬದುಕಬೇಕು. ಕೊಳ್ಳುವ ಶಕ್ತಿ ಯಾರಿಗಿದೆ? ವಿಮಾ ಕಂಪನಿಗೆ ಇದೆ, ಗಣಿಯ ಒಡೆಯನಿಗೆ ಇದೆ, ನಿವೇಶನ ಮಾಡಿ ಮಾರುವವನಿಗೆ ಇದೆ. ಹುಳಿಮಾವಿನ ಕೆರೆಯ ಕೆಳಗೆ ವಾಸಿಸುವವನಿಗೆ ಇಲ್ಲ. 2023ರ ನೀತಿಯಲ್ಲಿ ಈ ಬಗ್ಗೆ ಒಂದು ಒಳ್ಳೆಯ ವಿಧಿಯಿದೆ. ಸರ್ಕಾರಿ ಉಪಗ್ರಹಗಳು ತೆಗೆದ, 5 ಮೀಟರು ಹಾಗೂ ಅದಕ್ಕಿಂತ ಸ್ಥೂಲವಾದ ವಿವರವುಳ್ಳ ಚಿತ್ರಗಳು ಎಲ್ಲರಿಗೂ ಉಚಿತವಾಗಿ ದೊರೆಯಬೇಕೆಂಬುದು ಅದರ ಸಾರ. 5 ಮೀಟರೆಂದರೆ ಒಂದು ಲಾರಿಯಷ್ಟು ಉದ್ದ. ಕೆರೆಯ ಅಂಚು ಎಷ್ಟು ಕಿರಿದಾಯಿತು, ಕಾಲುವೆ ಎಲ್ಲಿ ಮುಚ್ಚಿತು ಎಂಬುದನ್ನು ತಿಳಿಯಲು ಅಷ್ಟು ಬಹುಮಟ್ಟಿಗೆ ಸಾಕು.

ಇಲ್ಲಿ ನನ್ನ ಅನುಭವವೊಂದನ್ನು ಹೇಳಬೇಕು. ಏರಿ ಒಡೆದ ಕೆಲವು ತಿಂಗಳ ನಂತರ, ಕೆರೆಯ ಗಡಿ ತೋರಿಸುವ ನಕ್ಷೆ ಬೇಕೆಂದು ನಾವು ನಾಲ್ವರು ಹಿರಿಯರು ಕಚೇರಿಯೊಂದಕ್ಕೆ ಹೋದೆವು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆದು ಮೂರನೆಯ ವಾರ ನಮ್ಮ ಕೈಗೆ ಬಂದದ್ದು ಗೆರೆಯೂ ಅಕ್ಷರವೂ ಕಾಣದ ಒಂದು ಜೆರಾಕ್ಸ್ ಪ್ರತಿ. ಅದನ್ನು ಹಿಡಿದು ಮನೆಗೆ ಬಂದಾಗ, ನೆರೆಮನೆಯ ಪದವಿ ತರಗತಿಯ ಹುಡುಗಿಯೊಬ್ಬಳು, "ಅಜ್ಜಾ, ಇದನ್ನು ನೋಡಿ" ಎಂದು ತನ್ನ ಕಂಪ್ಯೂಟರಿನಲ್ಲಿ 'ಭುವನ್' ಎಂಬ ಸರ್ಕಾರದ ನಕ್ಷಾತಾಣವನ್ನು ತೆರೆದಳು. ಉಪಗ್ರಹ ತೆಗೆದ ಚಿತ್ರದಲ್ಲಿ ನಮ್ಮ ಕೆರೆ ಸ್ಪಷ್ಟವಾಗಿ ಕಂಡಿತು; ಏರಿ, ಬೀದಿ, ಮನೆಗಳ ಮಾಡು ಎಲ್ಲವೂ. 2009ರಿಂದಲೂ ಆ ತಾಣ ಸಾರ್ವಜನಿಕರಿಗೆ ತೆರೆದಿದೆ. ನೆರೆಮನೆಯ ಹಿರಿಯರ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಹುಳಿಮಾವಿನ ನೀರು ಆಕಾಶಕ್ಕೆ ಕಂಡಿತ್ತು. ಕಂಡುದನ್ನು ಕೇಳುವವರು ನೆಲದ ಮೇಲೆ ಇರಲಿಲ್ಲ. ಕೇಳಬಹುದೆಂದು ನಮಗೆ ಯಾರೂ ಹೇಳಿಯೂ ಇರಲಿಲ್ಲ.

ಮಂಗಳನ ವಿಚಾರದಲ್ಲೂ ನ್ಯಾಯ ಇದೇ. ಮಂಗಳಯಾನ ಕಳುಹಿಸಿದ ಮಾಹಿತಿಯನ್ನು ಬ್ಯಾಲಾಳಿನ ದತ್ತಾಂಶ ಕೇಂದ್ರದ ಮೂಲಕ ಸಾರ್ವಜನಿಕರಿಗೆ ಒದಗಿಸಲಾಯಿತು. ಜನರ ಹಣದಿಂದ ದೊರೆತ ಜ್ಞಾನ ಜನರಿಗೇ ಸೇರಿತು. ನಾಳೆ ಖಾಸಗಿ ಕಂಪನಿಯೊಂದು ಮಂಗಳನ ಮೇಲಿಳಿದು ನೀರನ್ನೋ ಖನಿಜವನ್ನೋ ಕಂಡರೆ ಅದು ಯಾರ ಸೊತ್ತು? 1967ರ ಅಂತರರಾಷ್ಟ್ರೀಯ ಒಪ್ಪಂದದಂತೆ ಯಾವ ದೇಶವೂ ಆಕಾಶಕಾಯಗಳನ್ನು ತನ್ನದೆಂದು ಸಾರುವಂತಿಲ್ಲ. 2015ರಲ್ಲಿ ಅಮೆರಿಕೆ ಮಾಡಿದ ಕಾನೂನಿನಂತೆ ಅಲ್ಲಿನ ನಾಗರಿಕರು ತಾವು ಅಗೆದು ತೆಗೆದ ಆಕಾಶದ ಸಂಪತ್ತಿಗೆ ಒಡೆಯರಾಗಬಹುದು. ಹೊಲ ಯಾರದೂ ಅಲ್ಲ, ಆದರೆ ಫಸಲು ಕೊಯ್ದವನದು ಎಂದ ಹಾಗಾಯಿತು. ಈ ವಾದ ಎಲ್ಲಿಗೆ ಮುಟ್ಟುವುದೋ ಊಹಿಸುವುದು ಕಷ್ಟವಲ್ಲ.

ಮತ್ತೊಂದು ಅಪಾಯವೂ ಇದೆ. ಕೊಳ್ಳುವವರಿಲ್ಲದ ಪ್ರಶ್ನೆಗಳನ್ನು ವಾಣಿಜ್ಯ ಕೇಳುವುದಿಲ್ಲ. ಮಂಗಳನ ಮೇಲೆ ಎಂದಾದರೂ ಜೀವವಿತ್ತೇ ಎಂಬ ಪ್ರಶ್ನೆಗೆ ಗಿರಾಕಿ ಯಾರು? 2025ರಲ್ಲಿ ಅಮೆರಿಕೆಯ ಸರ್ಕಾರವೇ ತನ್ನ ನಾಸಾ ಸಂಸ್ಥೆಯ ವಿಜ್ಞಾನದ ಬಾಬ್ತಿನ ಹಣವನ್ನು ಹೆಚ್ಚು ಕಡಿಮೆ ಅರ್ಧಕ್ಕಿಳಿಸುವ ಪ್ರಸ್ತಾಪವನ್ನು ಮಂಡಿಸಿತ್ತು. ಅಷ್ಟು ಸಿರಿವಂತ ದೇಶದಲ್ಲೂ ಜ್ಞಾನಕ್ಕಾಗಿ ಜ್ಞಾನ ಎಂಬ ಮಾತಿಗೆ ಕಷ್ಟಕಾಲ ಬಂದಿದೆ. ನಮ್ಮಲ್ಲಿ ಸಂಶೋಧನೆಗೆ ಒಟ್ಟಾರೆ ವ್ಯಯವಾಗುವುದು ರಾಷ್ಟ್ರೀಯ ಉತ್ಪನ್ನದ ಶೇಕಡ 0.64ರಷ್ಟು ಮಾತ್ರ, ಚೀನಾದಲ್ಲಿ ಅದು ಶೇಕಡ 2ನ್ನು ಮೀರಿದೆ. ಆಕಾಶಕ್ಕೆ ಅತಿಯಾಗಿ ಖರ್ಚು ಮಾಡುತ್ತಿದ್ದೇವೆಂಬ ದೂರಿಗೆ ಈ ಅಂಕಿಯೇ ಉತ್ತರ. ಕೆರೆಯ ನೀರಿನ ವಿಜ್ಞಾನಕ್ಕೂ ಮಂಗಳನ ವಿಜ್ಞಾನಕ್ಕೂ ದೊರೆಯುತ್ತಿರುವುದು ಒಂದೇ ಬಡ ಬೊಕ್ಕಸದ ಕಾಸು. ಅವೆರಡನ್ನೂ ಜಗಳಕ್ಕೆ ಹಚ್ಚಿದರೆ ಎರಡೂ ಬಡವಾಗುವುವು.

ವಾಚಕ ಬಂಧುಗಳೇ, ನಿಮ್ಮಲ್ಲಿ ಅನೇಕರು ಮಠದ ಪ್ರಸಾದನಿಲಯದಲ್ಲಿದ್ದು ಓದಿದವರು. ನಿಮ್ಮ ಎಲೆಗೆ ಬಿದ್ದ ಜೋಳವೂ ರಾಗಿಯೂ ಯಾವ ಊರಿನ ಯಾವ ಒಕ್ಕಲಿನ ಕಣದಿಂದ ಬಂದವೆಂದು ನಿಮಗೆ ತಿಳಿದಿರಲಿಲ್ಲ; ಕೊಟ್ಟವರಿಗೆ ನಿಮ್ಮ ಹೆಸರೂ ತಿಳಿದಿರಲಿಲ್ಲ. ಹಾಗೆ ಪಡೆದ ವಿದ್ಯೆಯನ್ನು ತನ್ನೊಬ್ಬನ ಸೊತ್ತೆಂದು ಬೀಗ ಹಾಕಿಡುವುದು ಸರಿಯಲ್ಲವೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ತಲೆಗೆ ನಾಲ್ಕು ರೂಪಾಯಿಯಂತೆ ಹೆಸರಿಲ್ಲದ ಜನ ಕೊಟ್ಟು ಗಳಿಸಿದ ವಿದ್ಯೆಗೂ ಅದೇ ನಿಯಮ ಸಲ್ಲಬೇಕು. ಖಾಸಗಿಯವರು ಬರಲಿ, ಲಾಭ ಗಳಿಸಲಿ. ಆದರೆ ಸಾರ್ವಜನಿಕರ ನೆಲ, ನೀರು, ಹವೆಗೆ ಸಂಬಂಧಿಸಿದ ಅರಿವು ಮಾರಾಟದ ಸರಕಾಗಿ ಮಾತ್ರ ಉಳಿಯದಿರಲಿ. ಹೊಸ ಹನ್ನೆರಡು ಉಪಗ್ರಹಗಳ ಚಿತ್ರಗಳಲ್ಲಿಯೂ ನಮ್ಮ ಕೆರೆಕಟ್ಟೆಗಳ ಪಾಲು ಗ್ರಾಮ ಪಂಚಾಯಿತಿಗೆ, ಶಾಲೆಗೆ ಉಚಿತವಾಗಿ ಸಲ್ಲಬೇಕೆಂದು ನಾವು ಕೇಳಬೇಕು. ಶಾಸಕರು ಮತ ಕೇಳಲು ಬಂದಾಗ ಕೇಳಬೇಕು. ವಿಜ್ಞಾನಿಗಳು ಶಾಲೆಗೆ ಭಾಷಣಕ್ಕೆ ಬಂದಾಗ ಕೇಳಬೇಕು.

ಅದಕ್ಕೂ ಮೊದಲು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ನಿಮ್ಮ ಮನೆಯ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಕೂಡಿಸಿಕೊಂಡು, ಭುವನ್ ತಾಣದಲ್ಲಿ ನಿಮ್ಮ ಊರಿನ ಕೆರೆಯನ್ನು ಹುಡುಕಿರಿ. ಹತ್ತು ವರ್ಷದ ಹಿಂದೆ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತೆಂದು ಅವರಿಗೆ ಬೆರಳಿಟ್ಟು ತೋರಿಸಿರಿ. ಕೋಡಿಯ ಕಾಲುವೆ ಈಗ ತೆರೆದಿದೆಯೋ ಮುಚ್ಚಿದೆಯೋ, ಮಳೆಗಾಲಕ್ಕೆ ಮುಂಚೆ ಅವರೊಡನೆ ನಡೆದು ಹೋಗಿ ನೋಡಿ ಬನ್ನಿರಿ.